ಗ್ರೇಗ್‌ನಮನಾ

ಐರ್ಲೆಂಡಿನ ಆಗ್ನೇಯ ಭಾಗದ ಕಿಲ್ಕೆನಿ ಕೌಂಟಿಯಲ್ಲಿ, ಬ್ಯಾರೋ ನದಿಯ ಪಶ್ಚಿಮ ದಂಡೆಯ ಮೇಲಿರುವ ಪುಟ್ಟ ಪಟ್ಟಣ. ಜನಸಂಖ್ಯೆ ಸುಮಾರು 1,500. ಕೌಂಟಿಯ ಅತಿ ಎತ್ತರದ ಬ್ರ್ಯಾಂಡನ್ ಬೆಟ್ಟ (515 ಮೀ.) ಪಟ್ಟಣಕ್ಕೆ ಹತ್ತಿರದಲ್ಲೇ ಇದೆ. ನದಿಯ ಆಚೆ ದಡದ ಟಿನ್ನಹಿಂಚ್ ಕಾರ್ಲೋ ಕೌಂಟಿಗೆ ಸೇರಿದ್ದು, 18ನೆಯ ಶತಮಾನದ ಏಳು ಕಮಾನಿನ ಕಲ್ಲುಸೇತುವೆ ಎರಡೂ ದಡಗಳನ್ನು ಕೂಡಿಸುತ್ತದೆ. ಕ್ರೈಸ್ತ ಸನ್ಯಾಸಿಗಳ ಮಠದ ಸುತ್ತ ಬೆಳೆದ ಊರು ಇದು. ಮಠ, ನದಿ ಸಾಗಣೆ, ಉಣ್ಣೆ ಈ ಮೂರೂ ಇದರ ಇತಿಹಾಸವನ್ನು ರೂಪಿಸಿವೆ.

ಡುಯಿಸ್ಕ್ ಮಠ: ಪೆಂಬ್ರೋಕಿನ ಅರ್ಲ್ ವಿಲಿಯಂ ಮಾರ್ಷಲ್ 1204ರಲ್ಲಿ ಈ ಮಠವನ್ನು ಸ್ಥಾಪಿಸಿದ. ಇಂಗ್ಲೆಂಡಿನ ವಿಲ್ಟ್‌ಶೈರಿನ ಸ್ಟ್ಯಾನ್ಲಿ ಮಠದಿಂದ ಬಂದ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಇಲ್ಲಿ ನೆಲೆಸಿದರು. ಇದರ ಚರ್ಚು ಐರ್ಲೆಂಡಿನ ಸಿಸ್ಟರ್ಸಿಯನ್ ಚರ್ಚುಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಉದ್ದ 60 ಮೀಟರಿಗೂ ಹೆಚ್ಚು. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1536ರಲ್ಲಿ, ಮಠವನ್ನು ಮುಚ್ಚಲಾಯಿತು. 1774ರಲ್ಲಿ ಗೋಪುರ ಕುಸಿದು ಚರ್ಚಿನೊಳಗೆ ಬಿತ್ತು. ಆ ಅವಶೇಷವನ್ನು ಪೂರ್ತಿ ತೆರವು ಮಾಡದೆ ಮೇಲೆಯೇ ಹೊಸ ನೆಲ ಹಾಕಿದ್ದರಿಂದ ಈಗಿನ ನೆಲ ಮೂಲಕ್ಕಿಂತ ಸುಮಾರು ಒಂದೂವರೆ ಮೀಟರ್ ಮೇಲಿದೆ. ಒಂದೆಡೆ ಬಿಟ್ಟಿರುವ ತೆರಪಿನಲ್ಲಿ ಇಣುಕಿದರೆ ಸನ್ಯಾಸಿಗಳು ಓಡಾಡಿದ ಮಧ್ಯಯುಗದ ಹೆಂಚುನೆಲ ಕಾಣುತ್ತದೆ.

1813ರಲ್ಲಿ ಚರ್ಚಿನ ಒಂದು ಭಾಗಕ್ಕೆ ಸೂರು ಹೊದಿಸಿ ಕ್ಯಾಥೊಲಿಕ್ ಪೂಜೆಯನ್ನು ಮತ್ತೆ ಆರಂಭಿಸಲಾಯಿತು. 1970ರ ದಶಕದಲ್ಲಿ ಶುರುವಾದ ಜೀರ್ಣೋದ್ಧಾರ ಮುಂದಿನ ದಶಕದವರೆಗೂ ನಡೆದು, ಕಟ್ಟಡ ತನ್ನ ಹಳೆಯ ಘನತೆಯನ್ನು ಮರಳಿ ಪಡೆಯಿತು. ಓಕ್ ಮರದ ಮಾಡು ಆಗ ಕಟ್ಟಿದ್ದು. ಒಳಗೆ ಮಧ್ಯಯುಗದ ಯೋಧನೊಬ್ಬನ ಕಲ್ಲಿನ ಪ್ರತಿಮೆಯಿದೆ: ಸರಪಳಿ ಕವಚ ತೊಟ್ಟು, ಕಾಲ ಮೇಲೆ ಕಾಲು ಹಾಕಿ, ಒರೆಯಿಂದ ಕತ್ತಿ ಹಿರಿಯುತ್ತಿರುವ ಭಂಗಿ. ಅಂಗಳದಲ್ಲಿರುವ ಎರಡು ಗ್ರಾನೈಟ್ ಶಿಲುಬೆಗಳು ಮಠಕ್ಕಿಂತಲೂ ಹಳೆಯವು.

ನದಿ ಸಾಗಣೆ: 192 ಕಿ.ಮೀ. ಉದ್ದದ ಬ್ಯಾರೋ, ಐರ್ಲೆಂಡಿನಲ್ಲಿ ಶ್ಯಾನನ್ ಬಿಟ್ಟರೆ ಅತಿ ಉದ್ದದ ನದಿ. 18ನೆಯ ಶತಮಾನದಲ್ಲಿ ಒಡ್ಡುಗಳಿರುವ ಕಡೆ ಬಳಸುಕಾಲುವೆ ತೋಡಿ, ದೋಣಿಗಳನ್ನು ಏರಿಳಿಸುವ ಲಾಕ್‌ಗಳನ್ನು ಕಟ್ಟಿ ನದಿಯನ್ನು ಸಂಚಾರಕ್ಕೆ ಅಣಿಗೊಳಿಸಲಾಯಿತು. ಅಥೈ ಪಟ್ಟಣದಲ್ಲಿ ಈ ಜಲಮಾರ್ಗ ಗ್ರ್ಯಾಂಡ್ ಕೆನಾಲ್‌ಗೆ ಕೂಡಿ ಡಬ್ಲಿನ್‌ವರೆಗೂ ದಾರಿಯಾಯಿತು. ದಡದ ಮೇಲೆ ನಡೆಯುವ ಕುದುರೆಗಳು ಸರಕುದೋಣಿಗಳನ್ನು ಎಳೆಯುತ್ತಿದ್ದವು. ಬಾರ್ಲಿ, ಮಾಲ್ಟ್ ಮುಂತಾದ ಸರಕು ಈ ದಾರಿಯಲ್ಲಿ ಸಾಗುತ್ತಿತ್ತು. 1960ರ ಹೊತ್ತಿಗೆ ವಾಣಿಜ್ಯ ಸಾಗಣೆ ನಿಂತಿತು. ಈಗ ಇಲ್ಲಿ ವಿಹಾರದ ದೋಣಿಗಳು ಓಡಾಡುತ್ತವೆ.

ಉಣ್ಣೆ ಕಸುಬು: ಸಿಸ್ಟರ್ಸಿಯನ್ನರು ಕುರಿಸಾಕಣೆಗೆ ಹೆಸರಾದವರು. 13ನೆಯ ಶತಮಾನದಲ್ಲಿ ಡುಯಿಸ್ಕ್ ಮಠಕ್ಕೆ ಇಟಲಿಯ ಲೂಕಾ ನಗರದ ವರ್ತಕರೊಡನೆ ಉಣ್ಣೆಯ ವ್ಯವಹಾರವಿತ್ತು. ಕಂಬಳಿ, ಶಾಲುಗಳನ್ನು ನೇಯುವ ಕುಶೆಂಡೇಲ್ ಉಣ್ಣೆ ಗಿರಣಿ ಈ ಕಸುಬನ್ನು ಪಟ್ಟಣದಲ್ಲಿ ಇಂದಿಗೂ ಉಳಿಸಿಕೊಂಡಿದೆ.

ಇತರ ಸ್ಥಳಗಳು: ಟಿನ್ನಹಿಂಚ್ ದಡದಲ್ಲಿ ಬಟ್ಲರ್ ಮನೆತನದ ಕೋಟೆಮನೆಯ ಅವಶೇಷವಿದೆ. ನದಿಯ ಕೆಳಭಾಗದಲ್ಲಿ, ಸಂತ ಮೋಲಿಂಗ್ 7ನೆಯ ಶತಮಾನದಲ್ಲಿ ಸ್ಥಾಪಿಸಿದ ಮಠದ ನೆಲೆಯಾದ ಸೇಂಟ್ ಮಲಿನ್ಸ್ ಇದೆ. ಸಮುದ್ರದ ಉಬ್ಬರವಿಳಿತ ಅಲ್ಲಿಯವರೆಗೂ ತಲಪುತ್ತದೆ. ಹಿಂದೆ ಕುದುರೆಗಳು ನಡೆದ ದಂಡೆದಾರಿ ಈಗ ‘ಬ್ಯಾರೋ ವೇ’ ಎಂಬ ಕಾಲ್ನಡಿಗೆಯ ಮಾರ್ಗವಾಗಿದ್ದು, ಗ್ರೇಗ್‌ನಮನಾದ ಮೂಲಕ ಹಾದು ಸೇಂಟ್ ಮಲಿನ್ಸ್‌ನಲ್ಲಿ ಮುಗಿಯುತ್ತದೆ.