ಹಳೆಯ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗ ಬದಲಿಸಬೇಕೇ, ಹೊಸದನ್ನೇ ಕೊಳ್ಳಬೇಕೇ?

ಗೇಮಿಂಗ್‌ಗೆಂದು ಕೊಂಡ ಕಂಪ್ಯೂಟರು ನೀಲಗಿರಿಯ ಅನೇಕ ಕನ್ನಡ ಮನೆಗಳಲ್ಲಿ ಆಟಕ್ಕಷ್ಟೇ ಮೀಸಲಾಗಿ ಉಳಿದಿಲ್ಲ. ಮಕ್ಕಳ ಪಾಠ, ಹಿರಿಯರ ಬ್ಯಾಂಕ್ ವ್ಯವಹಾರ, ಸಂಘದ ವರದಿಗಳ ಕನ್ನಡ ಬೆರಳಚ್ಚು ಎಲ್ಲವೂ ಆ ಒಂದೇ ಯಂತ್ರವನ್ನು ಆಶ್ರಯಿಸಿವೆ. ಏಳೆಂಟು ವರ್ಷ ಕಳೆದು ಆಟಗಳು ತಡವರಿಸತೊಡಗಿದಾಗ ಅಂಗಡಿಯವರು ಹೊಸದನ್ನೇ ಕೊಳ್ಳಿ ಎನ್ನುತ್ತಾರೆ; ಮಕ್ಕಳು ಗ್ರಾಫಿಕ್ಸ್ ಕಾರ್ಡ್ ಒಂದೇ ಸಾಕು ಎನ್ನುತ್ತಾರೆ. ಎರಡನ್ನೂ ಪರೀಕ್ಷಿಸದೆ ಹಣ ತೆಗೆಯುವುದು ವಿವೇಕವಲ್ಲ.

ಕೊರತೆ ಎಲ್ಲಿದೆ?

ಮೊದಲು ಒಳಗಿನ ಧೂಳನ್ನು ತೆಗೆದು, ಫ್ಯಾನುಗಳು ಸರಿಯಾಗಿ ತಿರುಗುತ್ತಿವೆಯೇ ಎಂದು ನೋಡಬೇಕು. ಬಿಸಿಯೇರಿದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಬಳಿಕ ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಗಮನಿಸಬೇಕು. ಗ್ರಾಫಿಕ್ಸ್ ಕಾರ್ಡಿನ ಬಳಕೆ ಸದಾ ಶೇ. 95ಕ್ಕಿಂತ ಮೇಲಿದ್ದರೆ ಮಿತಿ ಇರುವುದು ಅಲ್ಲಿ. ಕಾರ್ಡ್ ಬಿಡುವಾಗಿದ್ದು ಪ್ರೊಸೆಸರ್ ಏದುಸಿರು ಬಿಡುತ್ತಿದ್ದರೆ ಹೊಸ ಕಾರ್ಡಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಆಟದ ರೆಸಲ್ಯೂಷನ್ ತಗ್ಗಿಸಿದರೂ ವೇಗ ಹೆಚ್ಚದಿದ್ದರೆ ಇದು ಇನ್ನಷ್ಟು ಖಚಿತವಾಗುತ್ತದೆ. ರ್‍ಯಾಮ್ ಪೂರ್ತಿ ತುಂಬಿಕೊಂಡಿದ್ದರೆ 8 ಜಿಬಿಯನ್ನು 16ಕ್ಕೆ ಏರಿಸಬೇಕು. ಇಂದಿಗೂ ಹಾರ್ಡ್ ಡಿಸ್ಕ್‌ನಿಂದಲೇ ನಡೆಯುವ ಯಂತ್ರಕ್ಕೆ ಎಸ್‌ಎಸ್‌ಡಿಯೇ ಮೊದಲ ಮದ್ದು: ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 500 ಎಂಬಿ ಓದಬಲ್ಲದು, ಹಾರ್ಡ್ ಡಿಸ್ಕ್ ಓದುವುದು 150ರ ಆಸುಪಾಸು. ಹೊಸ ಯಂತ್ರ ಕೊಂಡರೂ ಈ ಎಸ್‌ಎಸ್‌ಡಿಯನ್ನು ಅದಕ್ಕೆ ಜೋಡಿಸಿಕೊಳ್ಳಬಹುದು.

ಮದರ್‌ಬೋರ್ಡ್ ಏನನ್ನು ಒಪ್ಪುತ್ತದೆ?

ನಿರ್ಧಾರದ ಕೀಲಿ ಇರುವುದು ಇಲ್ಲಿಯೇ. ಎಎಂಡಿಯ ಎಎಂ4 ಸಾಕೆಟ್ ಇರುವ ಬಿ450 ಬೋರ್ಡ್‌ನಲ್ಲಿ 2017ರ ರೈಜೆನ್ 5 1600 ಇದ್ದರೆ, ಬಯಾಸ್ ನವೀಕರಿಸಿ 2022ರ ರೈಜೆನ್ 5 5600 ಅಳವಡಿಸಬಹುದು. ಬೋರ್ಡ್, ರ್‍ಯಾಮ್ ಎರಡೂ ಉಳಿಯುತ್ತವೆ. ಇಂಟೆಲ್‌ನ 4ನೇ ತಲೆಮಾರಿನ ಯಂತ್ರದ ಕಥೆ ಬೇರೆ. ಡಿಡಿಆರ್3 ರ್‍ಯಾಮ್‌ನ ಆ ಬೋರ್ಡ್‌ಗೆ ಇಂದಿನ ಪ್ರೊಸೆಸರ್ ಹೊಂದದು. ಪ್ರೊಸೆಸರ್ ಬದಲಿಸಿದರೆ ಬೋರ್ಡ್, ರ್‍ಯಾಮ್‌ಗಳನ್ನೂ ಬದಲಿಸಬೇಕು. ಅದು ಹೆಸರಿಗಷ್ಟೇ ದುರಸ್ತಿ, ವಾಸ್ತವದಲ್ಲಿ ಹೊಸ ಯಂತ್ರವೇ. 6 ಮತ್ತು 7ನೇ ತಲೆಮಾರಿನ ಬೋರ್ಡ್‌ಗಳ ಸಾಕೆಟ್ 8ನೇ ತಲೆಮಾರಿನದಂತೆಯೇ ಕಂಡರೂ ಅವು ಪರಸ್ಪರ ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು.

ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ ಎಸ್‌ಎಂಪಿಎಸ್ ನೋಡಬೇಕು. ಸ್ಲಾಟ್ ಒದಗಿಸುವುದು 75 ವಾಟ್ ಮಾತ್ರ. 8 ಪಿನ್‌ನ ಜೋಡಣೆ ಇನ್ನೂ 150 ವಾಟ್ ನೀಡುತ್ತದೆ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್‌ಗೆ ದೊಡ್ಡ ಕಾರ್ಡ್ ಜೋಡಿಸುವುದು ಅಪಾಯಕರ.

ಬದಲಿಸಬೇಕಾದ ಭಾಗಗಳ ಒಟ್ಟು ವೆಚ್ಚ ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನು ಕೊಳ್ಳುವುದೇ ಲೇಸು ಎಂಬುದು ನಾವು ಸೂಚಿಸುವ ಅಳತೆಗೋಲು. ಆಗಲೂ ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ, ಕೆಲವೊಮ್ಮೆ ಕ್ಯಾಬಿನೆಟ್ ಉಳಿಸಿಕೊಳ್ಳಬಹುದು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿದ್ದರಿಂದ, ಇರುವ ರ್‍ಯಾಮ್ ಉಳಿಯುವ ದಾರಿಗೆ ಹೆಚ್ಚು ಬೆಲೆ ಬಂದಿದೆ.

ವಿಂಡೋಸ್ 10ರ ಪ್ರಶ್ನೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮನೆಬಳಕೆದಾರರಿಗೆ ಮೈಕ್ರೋಸಾಫ್ಟ್ ಪ್ರಕಟಿಸಿದ ವಿಸ್ತೃತ ಭದ್ರತಾ ಸೌಲಭ್ಯ, ನೋಂದಾಯಿಸಿಕೊಂಡವರಿಗೆ, 2026ರ ಅಕ್ಟೋಬರ್ 13ರವರೆಗಿನದು. ಯಂತ್ರ ಅಂದೇ ನಿಂತುಹೋಗುವುದಿಲ್ಲ; ಆದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಕ್ಷೇಮವಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಸ್ಥೂಲವಾಗಿ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಶ್ರೇಣಿ, ಇಲ್ಲವೇ ನಂತರದ ಪ್ರೊಸೆಸರ್ ಬೇಕು. ಮೇಲೆ ಹೇಳಿದ ರೈಜೆನ್ ಬದಲಾವಣೆಯಿಂದ ವೇಗದ ಕೊರತೆಯೂ ಈ ತೊಡಕೂ ಒಮ್ಮೆಗೇ ನೀಗುತ್ತವೆ.

ಘಟ್ಟ, ಮಳೆ, ವಿದ್ಯುತ್ತು

ಬಿಡಿಭಾಗಕ್ಕಾಗಿ ಕೊಯಮತ್ತೂರಿಗೋ ಮೈಸೂರಿಗೋ ಇಳಿಯುವವರು ಬೋರ್ಡಿನ ಮಾದರಿ ಸಂಖ್ಯೆ, ಎಸ್‌ಎಂಪಿಎಸ್‌ನ ವಾಟ್, ಕ್ಯಾಬಿನೆಟ್ಟಿನ ಒಳ ಉದ್ದ ಬರೆದುಕೊಂಡು ಹೋಗಬೇಕು. ಹೊಂದದ ಭಾಗ ಮರಳಿಸಲು ಮತ್ತೊಂದು ದಿನ ವ್ಯರ್ಥವಾಗುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದೂ ನೆನಪಿರಲಿ. ಯಂತ್ರವನ್ನೇ ಒಯ್ಯುವುದಾದರೆ ಭಾರದ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಪ್ರತ್ಯೇಕವಾಗಿ ಕಟ್ಟಬೇಕು. ಮಸಿನಗುಡಿಯಿಂದ ಉದಕಮಂಡಲಕ್ಕೇರುವ ಕಲ್ಲಟ್ಟಿ ಘಟ್ಟದ ತಿರುವುಗಳಲ್ಲಿ ಸ್ಲಾಟ್ ಮುರಿಯಲು ಒಂದು ಕುಲುಕು ಸಾಕು. ಬಯಾಸ್ ನವೀಕರಣವನ್ನು ಹಳೆಯ ಪ್ರೊಸೆಸರ್ ಇರುವಾಗಲೇ, ಯುಪಿಎಸ್ ಆಸರೆಯಲ್ಲಿ ಮಾಡಬೇಕು. ನಡುವೆ ವಿದ್ಯುತ್ ಹೋದರೆ ಬೋರ್ಡೇ ಹಾಳಾಗಬಹುದು. ಗೂಡಲೂರಿನಂತಹ ಮಳೆನಾಡಿನಲ್ಲಿ ಯಂತ್ರವನ್ನು ತೇವದ ಗೋಡೆಯಿಂದ ದೂರವಿಡುವುದೂ ಅಗತ್ಯ.

ಕನ್ನಡ ಕಡತಗಳ ಕಾಳಜಿ

ಹಳೆಯ ಯಂತ್ರದಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪ್ರಶ್ನೆಪತ್ರಿಕೆ, ಮನವಿಪತ್ರ, ಸಂಘದ ನಡಾವಳಿಗಳಿರಬಹುದು. ಆ ಫಾಂಟುಗಳಿಲ್ಲದ ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ ಎರಡು ಕಡೆ ಪ್ರತಿ ಇಡಬೇಕು. ಗಡಿಯಾಚೆಯ ಕನ್ನಡಿಗರಿಗೆ ಇವು ಮನೆಯ ಕಾಗದಗಳಷ್ಟೇ ಅಲ್ಲ, ಸಮುದಾಯದ ದಾಖಲೆಗಳೂ ಹೌದು. ಗ್ರಾಫಿಕ್ಸ್ ಕಾರ್ಡ್ ನಾಳೆಯೂ ಅಂಗಡಿಯಲ್ಲಿ ಸಿಗುತ್ತದೆ, ಇವು ಸಿಗುವುದಿಲ್ಲ.

ಹೊಸ ಯಂತ್ರ ಬಂದ ಮೇಲೆ ಹಳೆಯದಕ್ಕೆ ಲಿನಕ್ಸ್ ಅಳವಡಿಸಿದರೆ ಓದು ಮತ್ತು ಕನ್ನಡ ಬೆರಳಚ್ಚಿಗೆ ಇನ್ನೂ ಕೆಲವು ವರ್ಷ ಒದಗುತ್ತದೆ. ಕೊಡುಗೆಯಾಗಿ ನೀಡುವವರು ಡಿಸ್ಕ್‌ನಲ್ಲಿರುವುದನ್ನೆಲ್ಲ ಸಂಪೂರ್ಣ ಅಳಿಸಿ ಕೊಡಬೇಕು. ತೀರಾ ಕೆಟ್ಟಿದ್ದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಅನ್ವಯ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.