ಕರಾವಳಿಯ ಮಕ್ಕಳ ನಿಲಯಗಳು: ಸಿಬ್ಬಂದಿ ಮತ್ತು ಪಾಲನೆಯ ಕ್ರಮ

ತಂದೆ ತಾಯಿ ಇಲ್ಲದ, ಇದ್ದರೂ ಸಾಕಲಾಗದ, ಅಥವಾ ಮನೆಯಲ್ಲೇ ಅಪಾಯವಿರುವ ಮಕ್ಕಳು ಹಗಲಿರುಳು ಉಳಿದು ಬೆಳೆಯುವ ಜಾಗ ಮಕ್ಕಳ ನಿಲಯ. ವಿದ್ಯಾರ್ಥಿ ನಿಲಯಕ್ಕೂ ಇದಕ್ಕೂ ಅಂತರ ದೊಡ್ಡದು. ಹಾಸ್ಟೆಲಿನ ಹುಡುಗ ಚೌತಿಗೆ, ದೀಪಾವಳಿಗೆ ಊರಿಗೆ ಹೋಗುತ್ತಾನೆ. ನಿಲಯದ ಮಗುವಿಗೆ ಹಬ್ಬವೂ ಅಲ್ಲೇ, ಜ್ವರವೂ ಅಲ್ಲೇ. ಆದ್ದರಿಂದ ಇಲ್ಲಿ ಯಾರು ಕೆಲಸ ಮಾಡುತ್ತಾರೆ, ಎಷ್ಟು ಜನ, ಎಷ್ಟು ವರ್ಷ ಎಂಬುದರ ಮೇಲೆ ಮಗುವಿನ ಬಾಲ್ಯವೇ ನಿಂತಿರುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾ ಸೇರಿದ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಹಾಗಾಗಿ ಮಕ್ಕಳ ರಕ್ಷಣೆಯ ಕಾನೂನು ಇಲ್ಲಿಗೆ ಬಂದದ್ದು 1924ರ ಮತ್ತು 1948ರ ಮುಂಬಯಿ ಮಕ್ಕಳ ಕಾಯ್ದೆಗಳ ಮೂಲಕ. ರಾಜ್ಯಗಳ ಪುನರ್ವಿಂಗಡಣೆಯ ನಂತರ 1964ರ ರಾಜ್ಯ ಕಾಯ್ದೆ, ಆಮೇಲೆ ಕೇಂದ್ರದ 1986, 2000 ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ಬಂದವು.

ಈ ಭಾಗದಲ್ಲಿ ಮಕ್ಕಳನ್ನು ಮನೆಯಿಂದ ದೂರ ಇಡುತ್ತಿದ್ದುದಕ್ಕೆ ಅನಾಥತೆಯಷ್ಟೇ ಕಾರಣವಾಗಿರಲಿಲ್ಲ. ಶರಾವತಿ, ಅಘನಾಶಿನಿ ನದಿಗಳು ದಾರಿ ಕಡಿಯುವ ಊರುಗಳಿಂದ ಶಾಲೆ ಮುಟ್ಟುವುದೇ ಕಷ್ಟವಿತ್ತು. ಭಟ್ಕಳದಲ್ಲಿ 1919ರಲ್ಲಿ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಎಂಬ ಶಿಕ್ಷಣ ಸಂಸ್ಥೆ ಹುಟ್ಟಿತು. 1962ರಲ್ಲಿ ಅಲ್ಲೇ ಆರಂಭವಾದ ಜಾಮಿಯಾ ಇಸ್ಲಾಮಿಯಾ ಮದರಸಾ ಹೊರಊರಿನ ಮಕ್ಕಳನ್ನು ಉಳಿಸಿಕೊಂಡು ಕಲಿಸಿತು. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಹಳ್ಳಿಗಳಿಗೇ ಪ್ರೌಢಶಾಲೆ ಕೊಂಡೊಯ್ದಿತು. ಶಾಲೆ ಹತ್ತಿರ ಬಂದಂತೆ ಓದಿಗಾಗಿ ಮನೆ ಬಿಡುವ ಅಗತ್ಯ ಇಳಿಯಿತು. ಇಂದು ನಿಲಯಕ್ಕೆ ಬರುವ ಮಗುವಿನ ಹಿಂದೆ ಸಾಮಾನ್ಯವಾಗಿ ಒಂದು ಮುರಿದ ಸಂಸಾರ, ಕುಡಿತ, ಕಾಯಿಲೆ ಅಥವಾ ದೌರ್ಜನ್ಯದ ಕತೆ ಇರುತ್ತದೆ. ಆರೈಕೆಯ ಹೊಣೆ ಮೊದಲಿಗಿಂತ ಭಾರವಾಗಿರುವುದು ಇದರಿಂದಲೇ.

ಈಗಿನ ಪದ್ಧತಿಯಲ್ಲಿ ಯಾವ ನಿಲಯವೂ ತಾನಾಗಿ ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಸಿಕ್ಕಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿ ವಿಚಾರಣೆ ನಡೆಸಿ ಆದೇಶ ಕೊಡುತ್ತದೆ. ಸರ್ಕಾರದ ಹಣ ಪಡೆಯಲಿ ಬಿಡಲಿ, ಮಠದ್ದಿರಲಿ, ಮಿಶನ್ನಿನದಿರಲಿ, ಯತೀಂಖಾನೆಯಿರಲಿ, ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ 2015ರ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾಗಬೇಕು. 2017ರ ಮೇ 5ರಂದು ಸುಪ್ರೀಂ ಕೋರ್ಟ್ ಎಲ್ಲ ಸಂಸ್ಥೆಗಳ ನೋಂದಣಿ ಮುಗಿಸಲು ಆ ವರ್ಷಾಂತ್ಯದ ಗಡುವು ವಿಧಿಸಿತು. ಒಳ್ಳೆಯ ಮನಸ್ಸಿನಿಂದ ನಡೆಯುತ್ತಿದ್ದ ಸಣ್ಣ ಆಶ್ರಮಗಳಿಗೆ ಕಾಗದಪತ್ರದ ಕೆಲಸ ಹೊರೆಯೆನಿಸಿದ್ದು ನಿಜ. ಆದರೂ ಒಳಗಿರುವ ಮಗುವಿನ ಹೆಸರು ಹೊರಗೆ ಎಲ್ಲಿಯೂ ದಾಖಲಾಗದ ಸ್ಥಿತಿಗಿಂತ ಅದು ಎಷ್ಟೋ ಮೇಲು.

ಈ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳು ನೂರು ಮಕ್ಕಳ ನಿಲಯಕ್ಕೆ ಒಂದು ಸಿಬ್ಬಂದಿ ಪಟ್ಟಿಯನ್ನು ಸೂಚಿಸಿವೆ: ಒಬ್ಬ ಅಧೀಕ್ಷಕರು, ಮೂವರು ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿಗಳು, ಇಬ್ಬರು ಆಪ್ತಸಮಾಲೋಚಕರು, ನಾಲ್ವರು ಗೃಹಮಾತೆ ಅಥವಾ ಗೃಹಪಿತರು, ಇಬ್ಬರು ಅಡುಗೆಯವರು, ಜೊತೆಗೆ ದಾದಿ, ಲೆಕ್ಕಿಗರು, ಸಹಾಯಕರು, ಕರೆದಾಗ ಬರುವ ವೈದ್ಯರು. ಬಾಲಕಿಯರ ನಿಲಯದಲ್ಲಿ ಅಧೀಕ್ಷಕರೂ ಸಿಬ್ಬಂದಿಯೂ ಮಹಿಳೆಯರೇ ಆಗಿರಬೇಕು.

ಪಟ್ಟಿಯ ಕೊರತೆ ಗೃಹಮಾತೆಯರ ಸಂಖ್ಯೆಯಲ್ಲಿದೆ. ನಾಲ್ವರನ್ನು ಮೂರು ಪಾಳಿಗೆ ಹಂಚಿ, ವಾರದ ರಜೆ, ಕಾಯಿಲೆ, ಮನೆಯ ಮದುವೆ ಮುಂಜಿ ಕಳೆದರೆ ರಾತ್ರಿಗೆ ಉಳಿಯುವವರು ಒಬ್ಬರು. ನೂರು ಮಕ್ಕಳಿಗೆ ಒಬ್ಬರು ಕಾವಲಿಗೆ ಸಾಲಬಹುದು, ಪಾಲನೆಗೆ ಸಾಲುವುದಿಲ್ಲ. ಆಸ್ಟ್ರಿಯಾದ ಇಮ್‌ಸ್ಟ್‌ನಲ್ಲಿ 1949ರಲ್ಲಿ ಹರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮಗಳು ಕೆಲವೇ ಮಕ್ಕಳಿಗೆ ಒಬ್ಬ ತಾಯಿ, ಒಂದು ಮನೆ ಎಂಬ ಕ್ರಮ ಹಿಡಿದದ್ದು ದೊಡ್ಡ ನಿಲಯಗಳ ಇಂಥ ಕೊರತೆಯನ್ನು ಕಂಡೇ. 1951ರಲ್ಲಿ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯೂ ಒಬ್ಬರೇ ನಿರಂತರವಾಗಿ ಜೊತೆಗಿರದಿದ್ದರೆ ಮಗುವಿನ ಮನಸ್ಸಿಗೆ ಪೆಟ್ಟು ಬೀಳುತ್ತದೆ ಎಂದು ಎತ್ತಿ ತೋರಿಸಿತು.

ಗೃಹಮಾತೆಯ ಕೆಲಸ ಏನೆಂದು ತಿಳಿಯಲು ಹೊಸ ಮಗುವಿನ ಮೊದಲ ವಾರ ನೋಡಬೇಕು. ಮಗು ಬಂದ 24 ಗಂಟೆಯಲ್ಲಿ ವೈದ್ಯಕೀಯ ತಪಾಸಣೆ ಮುಗಿಯುತ್ತದೆ. ಅಲ್ಲಿಂದಾಚೆಗಿನದು ಅವಳ ಪಾಲು. ಕೆಲವು ಮಕ್ಕಳು ತಟ್ಟೆಯ ಅನ್ನವನ್ನು ಅಂಗಿಯ ಕಿಸೆಯಲ್ಲಿ ಬಚ್ಚಿಡುತ್ತಾರೆ, ನಾಳೆ ಊಟ ಸಿಗುತ್ತದೆಂಬ ನಂಬಿಕೆ ಅವರಿಗೆ ಇನ್ನೂ ಬಂದಿರುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುವವರು ಬಹಳ. ಅನುಭವಸ್ಥೆ ಬಯ್ಯುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತಾಳೆ, ಬೆಳಿಗ್ಗೆ ಉಳಿದವರು ಏಳುವ ಮೊದಲೇ ಹಾಸು ಬದಲಿಸುತ್ತಾಳೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿ ಹೇನು ನೋಡುವಾಗ ಮಗು ಬಾಯಿಬಿಟ್ಟು ಹೇಳುವ ಸಂಗತಿ ಎಷ್ಟೋ ಸಲ ಸಮಾಲೋಚಕರ ಕಡತದಲ್ಲೂ ಇರುವುದಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಮುಚ್ಚಿಡುವುದು ಅಪರಾಧ. ನಿಲಯದೊಳಗೆ ಮಗುವಿಗೆ ಹೊಡೆಯುವುದೂ 2015ರ ಕಾಯ್ದೆಯ 82ನೇ ಕಲಮಿನಡಿ ಶಿಕ್ಷಾರ್ಹ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಸಿಬ್ಬಂದಿಯನ್ನು ಆರಿಸುವಾಗ ಮಾತಿನ ವಿಚಾರ ಮರೆಯುವಂತಿಲ್ಲ. ಭಟ್ಕಳದ ಮಗುವಿನ ಮನೆಮಾತು ನವಾಯತಿ ಇರಬಹುದು, ಖಾರ್ವಿ ಕೇರಿಯ ಮಗುವಿನದು ಕೊಂಕಣಿ, ಕುಮಟೆಯ ಹಾಲಕ್ಕಿ ಕೊಪ್ಪದ ಮಗುವಿನದು ಅಲ್ಲಿನದೇ ಕನ್ನಡ. ನಡುರಾತ್ರಿ ಹೆದರಿ ಎದ್ದ ಮಗುವಿಗೆ ಪುಸ್ತಕದ ಕನ್ನಡ ಬಾಯಿಗೆ ಬರುವುದಿಲ್ಲ. ಊರಿನ ಮಹಿಳೆಯರನ್ನೇ ತರಬೇತಿ ಕೊಟ್ಟು ನೇಮಿಸಿಕೊಂಡರೆ ಈ ತೊಡಕು ಅರ್ಧ ಕಡಿಮೆಯಾಗುತ್ತದೆ. ಆದರೆ ಗುತ್ತಿಗೆಯ ನೇಮಕ, ಕಡಿಮೆ ಸಂಬಳ, ರಾತ್ರಿಪಾಳಿ ಸೇರಿ ಅವರನ್ನು ಬಹಳ ಕಾಲ ನಿಲ್ಲಗೊಡುವುದಿಲ್ಲ. ಒಬ್ಬ ಗೃಹಮಾತೆ ಬಿಟ್ಟುಹೋದಾಗ ಮೊದಲೇ ಒಬ್ಬರನ್ನು ಕಳೆದುಕೊಂಡು ಬಂದ ಮಗು ಎರಡನೇ ಸಲ ಕಳೆದುಕೊಳ್ಳುತ್ತದೆ. ನಿಲಯಗಳ ಆಡಳಿತದವರು ಕಟ್ಟಡಕ್ಕೆ ದಾನ ಕೇಳುವಷ್ಟೇ ಆಸ್ಥೆಯಿಂದ ಈ ಹೆಂಗಸರ ಸಂಬಳಕ್ಕೂ ದಾನ ಕೇಳಬೇಕು.

ಆಹಾರಕ್ಕೆ ನಿಯಮದಲ್ಲೇ ಅಳತೆ ಇದೆ. ದಿನಕ್ಕೆ ಅಕ್ಕಿ, ರಾಗಿಯಂಥ ಧಾನ್ಯ 600 ಗ್ರಾಂ, ಬೇಳೆ ಕಾಳು 120 ಗ್ರಾಂ, ಹಾಲು 150 ಮಿಲಿ, ಸೊಪ್ಪು 100 ಗ್ರಾಂ, ಇತರ ತರಕಾರಿ 130 ಗ್ರಾಂ. ಕರಾವಳಿಯ ಮಗುವಿಗೆ ಕುಚ್ಚಲಕ್ಕಿ ಗಂಜಿ, ಮೀನುಸಾರು ಒಗ್ಗಿದ ಊಟ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವಾಗ ಮೊಟ್ಟೆ, ಕಾಳು ಆ ಜಾಗ ತುಂಬಬೇಕು. ಮಳೆಗಾಲದ ದೊಡ್ಡ ತಲೆನೋವು ಬಟ್ಟೆ. ಒಣಗದ ಒಳಉಡುಪು ಹಾಕಿಕೊಂಡರೆ ಚರ್ಮಕ್ಕೆ ಶಿಲೀಂಧ್ರ ಸೋಂಕು ಬರಬಹುದು, ಒಂದು ಮಗುವಿಗೆ ಬಂದರೆ ಇಡೀ ಕೋಣೆಗೆ ಹಬ್ಬುತ್ತದೆ. ಹೆಚ್ಚುವರಿ ಜೊತೆ ಬಟ್ಟೆ, ಗಾಳಿಯಾಡುವ ಒಣಗುಕೋಣೆ, ಬೇರೆ ಬೇರೆ ಟವೆಲು ಇಲ್ಲಿ ಔಷಧಿಯಷ್ಟೇ ಮುಖ್ಯ.

ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆದು ಕಾಲಕಾಲಕ್ಕೆ ತಿದ್ದಬೇಕು. ಮಕ್ಕಳ ಸಮಿತಿ ರಚಿಸಿ ಊಟ, ಆಟ, ದೂರುಗಳ ಬಗ್ಗೆ ಅವರ ಮಾತು ಕೇಳಬೇಕು. ನಿಲಯವಾಸ ಕೊನೆಯ ದಾರಿ ಎಂಬುದು ಕಾಯ್ದೆಯದೇ ತತ್ತ್ವ. ಬಡತನವೊಂದೇ ಕಾರಣವಾಗಿದ್ದರೆ ಕೇಂದ್ರ ಸರ್ಕಾರದ ಮಿಶನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಪಡೆದು ಮಗು ಅಜ್ಜಿಯ ಮನೆಯಲ್ಲೇ ಬೆಳೆಯಬಹುದು. ಮನೆಯ ನಂಟು ಉಳಿಸುವುದೂ ಪಾಲನೆಯ ಭಾಗವೇ. ಜಿಲ್ಲಾ ಕೇಂದ್ರ ಕಾರವಾರ ಭಟ್ಕಳದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಗು ಅಲ್ಲಿನ ನಿಲಯದಲ್ಲಿದ್ದರೆ, ಕೂಲಿ ಮಾಡುವ ತಾಯಿ ಹೋಗಿ ಕಂಡು ಬರಲು ಒಂದು ದಿನದ ದುಡಿಮೆ ಬಿಡಬೇಕು. ಮನೆಗೆ ಹತ್ತಿರದ ನಿಲಯ ಬೇಕೆನ್ನುವುದು ಇದಕ್ಕೇ.

ಹದಿನೆಂಟು ತುಂಬಿ ನಿಲಯ ಬಿಟ್ಟವರಿಗೆ ಅನುಪಾಲನೆ, ಅಂದರೆ ಆಮೇಲಿನ ನೆರವು, 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ ದೊರೆಯುತ್ತದೆ. ಮುಂದಿನ ಓದಿಗೆ ಬೇಕಾದ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಟಿಸಿ ಮಗು ಹತ್ತನೇ ತರಗತಿಯಲ್ಲಿರುವಾಗಲೇ ಜೋಡಿಸತೊಡಗಿದರೆ ಐಟಿಐ ಅಥವಾ ಕಾಲೇಜಿನ ಪ್ರವೇಶ ತಪ್ಪುವುದಿಲ್ಲ.