ವಿಜಯನಗರದ ಅಮರನಾಯಕರು

ದಂಡು ಸಾಕುವ ಹೊಣೆಯ ಮೇಲೆ ವಿಜಯನಗರದ ಅರಸರಿಂದ ಸೀಮೆಗಳನ್ನು ಪಡೆದ ಸರದಾರರೇ ಅಮರನಾಯಕರು. ಬೊಕ್ಕಸಕ್ಕೆ ನೇರವಾಗಿ ಕಂದಾಯ ಕಟ್ಟುವ ಭಂಡಾರವಾಡದ ಹಳ್ಳಿಗಳನ್ನೂ ದೇವಸ್ಥಾನ, ಬ್ರಾಹ್ಮಣರಿಗೆ ಬಿಟ್ಟ ಮಾನ್ಯದ ಹಳ್ಳಿಗಳನ್ನೂ ಬಿಟ್ಟರೆ ಮಿಕ್ಕ ಬಹುಪಾಲು ಅಮರದ ಹಳ್ಳಿಗಳೇ. ನಾಯಕನಿಗೆ ಸಿಗುತ್ತಿದ್ದುದು ಅವುಗಳ ಹುಟ್ಟುವಳಿ ಮಾತ್ರ, ನೆಲ ಅರಸನದು. ಅರಸನ ಮನಸ್ಸು ಮುರಿದರೆ ಸೀಮೆ ಕೈತಪ್ಪುತ್ತಿತ್ತು.

ಅಚ್ಯುತರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಈ ವ್ಯವಸ್ಥೆಯ ಲೆಕ್ಕವನ್ನೇ ಬರೆದಿಟ್ಟಿದ್ದಾನೆ. ರಾಜ್ಯವು 200ಕ್ಕೂ ಹೆಚ್ಚು ನಾಯಕರಲ್ಲಿ ಹಂಚಿಹೋಗಿತ್ತು. ಅವರ ಒಟ್ಟು ಹುಟ್ಟುವಳಿ 120 ಲಕ್ಷ ವರಹ. ಅದರಲ್ಲಿ 60 ಲಕ್ಷ ಅರಸನಿಗೆ ಸಲ್ಲುತ್ತಿತ್ತು. ಎಲ್ಲರಿಗಿಂತ ದೊಡ್ಡವನಾದ ಸಾಳುವ ನಾಯಕನ ಹುಟ್ಟುವಳಿಯೊಂದೇ 11 ಲಕ್ಷ ವರಹ. ಮೂರರಲ್ಲೊಂದು ಪಾಲನ್ನು ಕಟ್ಟಿ, ಉಳಿದುದರಲ್ಲಿ ಅವನು 30,000 ಕಾಲಾಳು, 3,000 ಕುದುರೆ, 30 ಆನೆಗಳನ್ನು ಸಾಕಬೇಕಿತ್ತು.

ಕಪ್ಪ ಕಟ್ಟುವ ಗಡುವು ಸೆಪ್ಟೆಂಬರಿನಲ್ಲಿ, ಮಹಾನವಮಿಯ ಹೊತ್ತಿಗೆ. ಒಂಬತ್ತು ದಿನದ ಆ ಉತ್ಸವಕ್ಕೆ ನಾಯಕರು ರಾಜಧಾನಿಗೆ ಬಂದು ಸೇರುತ್ತಿದ್ದರು, ಅರಸ ದಂಡಿನ ಪರಿಶೀಲನೆ ಮಾಡುತ್ತಿದ್ದ. ಉಳಿದ ತಿಂಗಳುಗಳಲ್ಲಿ ನಾಯಕನ ಪರವಾಗಿ ಆಸ್ಥಾನದಲ್ಲಿರುತ್ತಿದ್ದವನು ಸ್ಥಾನಪತಿ. ಒಡೆಯನಿಗೆ ರಾಜಧಾನಿಯ ಸುದ್ದಿ ಮುಟ್ಟಿಸುವುದು ಅವನ ಕೆಲಸ.

ಕುದುರೆಯ ವ್ಯವಹಾರದಲ್ಲಂತೂ ಅರಸನ ಹಿಡಿತ ಬಲು ಬಿಗಿ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ಅವುಗಳಲ್ಲಿ ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ನಾಡತಳಿಯವನ್ನು 1,000 ವರಹಕ್ಕೆ ಐದರಂತೆ ನಾಯಕರಿಗೆ ಮಾರುತ್ತಿದ್ದ. ಹಣ ಸೆಪ್ಟೆಂಬರಿನೊಳಗೆ ಬರಲೇಬೇಕು. ಪೋರ್ಚುಗೀಸರಿಂದ ಕೊಂಡ ಅರಬ್ಬಿ ಕುದುರೆಗಳ ಬೆಲೆ ಆ ಹಣದಲ್ಲೇ ತೀರಿಹೋಗುತ್ತಿತ್ತು, ಬೊಕ್ಕಸದಿಂದ ಕಾಸೂ ಹೋಗುತ್ತಿರಲಿಲ್ಲ. ಯುದ್ಧಕ್ಕೆ ಬೇಕಾದ ಮುಖ್ಯ ವಸ್ತು ನಾಯಕರಿಗೆ ಅರಸನ ಕೈಯಿಂದಲೇ ಸಿಗಬೇಕಾಗಿದ್ದುದು ಆಡಳಿತದ ದೊಡ್ಡ ಜಾಣತನ.

ಇದೆಲ್ಲದರ ಭಾರ ಕೊನೆಗೆ ಬಿದ್ದುದು ರೈತನ ಬೆನ್ನ ಮೇಲೆ. ಬೆಳೆದುದರ ಹತ್ತರಲ್ಲಿ ಒಂಬತ್ತು ಪಾಲು ಒಡೆಯರಿಗೇ ಹೋಗುತ್ತಿತ್ತೆಂಬ ನೂನಿಜನ ಮಾತು ಉತ್ಪ್ರೇಕ್ಷೆಯಿದ್ದೀತು, ಆದರೆ ಸುಲಿಗೆಯ ಸಂಗತಿ ಸುಳ್ಳಲ್ಲ. ಅದೇ ನಾಯಕರು ಕೆರೆ ಕಟ್ಟಿಸಿದ್ದನ್ನೂ ದೇವಸ್ಥಾನಗಳಿಗೆ ದತ್ತಿ ಬಿಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ನೀರಾವರಿ ಹೆಚ್ಚಿದರೆ ಹುಟ್ಟುವಳಿಯೂ ಹೆಚ್ಚುತ್ತಿತ್ತು. ಪುಣ್ಯದ ಜೊತೆ ಈ ಲೆಕ್ಕವೂ ಅವರಿಗಿತ್ತು.

ಅರಸ ಗಟ್ಟಿಗನಾಗಿದ್ದರೆ ಮಾತ್ರ ಈ ಏರ್ಪಾಡು ನಿಲ್ಲುವಂಥದು. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಮೇಲೆ, ಇತಿಹಾಸಕಾರರು ಚೆಲ್ಲಪ್ಪನೆಂದು ಗುರುತಿಸುವ ಸಾಳುವ ನಾಯಕನೇ ದಂಗೆಯೆದ್ದ. ಅಚ್ಯುತರಾಯನ ದಂಡು ತಿರುವಾಂಕೂರಿನವರೆಗೆ ಹೋಗಿ ಅವನನ್ನು ಅಡಗಿಸಿತು. 1565ರ ತಾಳಿಕೋಟೆಯ ಸೋಲಿನ ಬಳಿಕ ಹಾಗೆ ಅಡಗಿಸುವ ಬಲವೇ ಉಳಿಯಲಿಲ್ಲ. ಸೀಮೆಗಳು ತಂದೆಯಿಂದ ಮಗನಿಗೆ ಇಳಿದುಬಂದವು, ಕಪ್ಪ ನಿಂತಿತು. ಮಧುರೆ, ತಂಜಾವೂರು, ಕೆಳದಿಯ ನಾಯಕರು ಸ್ವತಂತ್ರ ಅರಸರಾದರು. ಅವರಲ್ಲಿ ಕೆಳದಿಯ ರಾಜ್ಯವು 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಬಾಳಿತು.